ರೋಗಾಣುಗಳ ಜೀನೋಮ್‌ನಲ್ಲಿ ಫೇಜ್‌ಗಳ ನಕಲೀಕರಣ ಜೀನುಗಳು: ಒಂದು ತೌಲನಿಕ ಇತಿಹಾಸ

ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ವೈರಾಣುಗಳಿಗೆ ಫೇಜ್ ಎಂದು ಹೆಸರು. ಇವುಗಳಲ್ಲಿ ಕೆಲವು ತಾವು ಹೊಕ್ಕ ಕೋಶವನ್ನು ಒಡನೆಯೇ ನಾಶಮಾಡದೆ, ತಮ್ಮ ಡಿಎನ್‌ಎಯನ್ನು ಅದರ ವರ್ಣತಂತುವಿನೊಳಗೆ ಸೇರಿಸಿ, ಪೀಳಿಗೆಯಿಂದ ಪೀಳಿಗೆಗೆ ಸುಪ್ತವಾಗಿ ಸಾಗುತ್ತವೆ. ಈ ಸುಪ್ತರೂಪವೇ ಪ್ರೊಫೇಜ್. 1950ರ ಸುಮಾರಿಗೆ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಆಂದ್ರೆ ಲ್ವಾಫ್ ಮತ್ತು ಸಂಗಡಿಗರು ನೇರಳಾತೀತ ಕಿರಣಗಳಿಂದ ಪ್ರೊಫೇಜನ್ನು ಎಚ್ಚರಿಸಬಹುದೆಂದು ತೋರಿಸಿದರು. 1951ರಲ್ಲಿ ವಿಕ್ಟರ್ ಫ್ರೀಮನ್ ಅವರು, ನಿರುಪದ್ರವಿಯಾದ ಡಿಫ್ತೀರಿಯಾ ಬ್ಯಾಕ್ಟೀರಿಯಾ ಫೇಜ್ ಸೋಂಕಿನ ನಂತರ ವಿಷ ಉತ್ಪಾದಿಸತೊಡಗುವುದನ್ನು ವರದಿ ಮಾಡಿದರು. ಅಂದಿನಿಂದ ವಿದ್ವಾಂಸರ ಗಮನವೆಲ್ಲ ಬಹುಮಟ್ಟಿಗೆ ವಿಷದ ಜೀನುಗಳ ಮೇಲೆಯೇ ನೆಟ್ಟಿತು. ಆ ವಿಷದ ಪ್ರಮಾಣವನ್ನು ಹಲವೆಡೆ ನಿರ್ಧರಿಸುವ ನಕಲೀಕರಣ ಜೀನುಗಳಿಗೆ, ಎಂದರೆ ಫೇಜ್ ಡಿಎನ್‌ಎಯ ಪ್ರತಿಗಳನ್ನು ತಯಾರಿಸುವ ಜೀನುಗಳಿಗೆ, ತಕ್ಕ ಮನ್ನಣೆ ದೊರೆಯಲಿಲ್ಲ.

ಈ ಜೀನುಗಳ ಹೋಲಿಕೆಗೆ ಅಳತೆಗೋಲಾದದ್ದು ಇ. ಕೊಲೈಯ ಲ್ಯಾಂಬ್ಡಾ ಫೇಜ್. 48,502 ಪ್ರತ್ಯಾಮ್ಲ ಜೋಡಿಗಳ ಅದರ ಪೂರ್ಣ ಅನುಕ್ರಮವನ್ನು ಫ್ರೆಡರಿಕ್ ಸ್ಯಾಂಗರ್ ತಂಡ 1982ರಲ್ಲಿ ಪ್ರಕಟಿಸಿತು. ಅದರ ಓ ಪ್ರೋಟೀನು ನಕಲು ಆರಂಭವಾಗುವ ತಾಣಕ್ಕೆ ಅಂಟಿಕೊಳ್ಳುತ್ತದೆ. ಆ ತಾಣ ಓ ಜೀನಿನ ಒಡಲಲ್ಲೇ ಇರುವುದು ವಿಶೇಷ. ಪಿ ಪ್ರೋಟೀನು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುವ ಹೆಲಿಕೇಸ್ ಎಂಬ ಕಿಣ್ವವನ್ನು ಆತಿಥೇಯ ಕೋಶದಿಂದಲೇ ಸೆಳೆದು ಅಲ್ಲಿಗೆ ತರುತ್ತದೆ. ಸಾಲ್ಮೊನೆಲ್ಲಾದ ಪಿ22 ಫೇಜ್ ಹಲವು ವಿಷಯಗಳಲ್ಲಿ ಲ್ಯಾಂಬ್ಡಾದ ದಾಯಾದಿಯೇ ಆದರೂ ಹೆಲಿಕೇಸನ್ನು ಕಡ ಪಡೆಯುವುದಿಲ್ಲ, ಅದರ 12ನೆಯ ಜೀನ್ ತನ್ನದೇ ಹೆಲಿಕೇಸನ್ನು ರೂಪಿಸುತ್ತದೆ. ಒಂದೇ ಸ್ಥಾನದಲ್ಲಿ ಭಿನ್ನ ಮೂಲದ ಜೀನುಗಳು ಒಂದೇ ಕೆಲಸಕ್ಕೆ ನಿಲ್ಲುವ ಇಂಥ ಪರಿಯನ್ನು ಡೇವಿಡ್ ಬಾಟ್‌ಸ್ಟೈನ್ 1980ರಲ್ಲಿ ಘಟಕ ವಿಕಾಸ ಸಿದ್ಧಾಂತವಾಗಿ ಮಂಡಿಸಿದರು: ಫೇಜ್‌ಗಳು ಇಡಿಯಾಗಿ ಅಲ್ಲ, ಬಿಡಿ ಘಟಕಗಳ ವಿನಿಮಯದಿಂದ ವಿಕಾಸಗೊಳ್ಳುತ್ತವೆ. ಆದ್ದರಿಂದ ನಕಲೀಕರಣ ಜೀನುಗಳ ಸಾಮ್ಯವನ್ನೇ ನೆಚ್ಚಿ ಎರಡು ಪ್ರೊಫೇಜ್‌ಗಳಿಗೆ ವಂಶವೃಕ್ಷ ಬರೆಯುವುದು ದುಡುಕು.

1996ರಲ್ಲಿ ಜಪಾನಿನ ಸಕಾಯ್ ನಗರದ ಶಾಲಾಮಕ್ಕಳನ್ನು ಸಾವಿರಾರು ಸಂಖ್ಯೆಯಲ್ಲಿ ಕಾಡಿದ ಇ. ಕೊಲೈ ಓ157 ತಳಿಯ ಜೀನೋಮ್ 2001ರಲ್ಲಿ ಪ್ರಕಟವಾದಾಗ ಅದರೊಳಗೆ 18 ಪ್ರೊಫೇಜ್‌ಗಳು ಕಂಡುಬಂದವು. ಹೆಚ್ಚಿನವು ಊನಗೊಂಡಂತೆ ತೋರಿದರೂ ಅವುಗಳಲ್ಲಿ ಕೆಲವು ವರ್ಣತಂತುವಿನಿಂದ ಬೇರ್ಪಟ್ಟು ನಕಲಾಗಬಲ್ಲವೆಂದು 2009ರ ಅಧ್ಯಯನವೊಂದು ತೋರಿಸಿತು. ಈ ತಳಿ ಉತ್ಪಾದಿಸುವ ಶಿಗಾ ವಿಷದ ಜೀನುಗಳು ಫೇಜ್ ಎಚ್ಚತ್ತ ಮೇಲೆ ತಡವಾಗಿ ಚುರುಕಾಗುವ ಭಾಗದಲ್ಲಿರುವುದರಿಂದ, ಪ್ರೊಫೇಜ್ ನಕಲಾದಷ್ಟೂ ವಿಷದ ಜೀನುಗಳೂ ಹೆಚ್ಚುತ್ತವೆ. ಡಿಎನ್‌ಎಗೆ ಹಾನಿಮಾಡುವ ಕೆಲವು ಪ್ರತಿಜೀವಕಗಳು ಪ್ರೊಫೇಜನ್ನು ಎಚ್ಚರಿಸಿ ಈ ಸೋಂಕಿನಲ್ಲಿ ಕೇಡು ಮಾಡಬಹುದೆಂಬ ವೈದ್ಯರ ಅಳುಕಿಗೆ ಇದೇ ಆಧಾರ.

ಕಾಲರಾ ರೋಗಾಣುವಿನ ಕಥೆ ಇದಕ್ಕಿಂತ ತೊಡಕಿನದು. 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಅವರು ಕಾಲರಾ ವಿಷದ ಇರವನ್ನು ಮೊಲದ ಕರುಳಿನ ಪ್ರಯೋಗದಿಂದ ಸ್ಥಾಪಿಸಿದ್ದರು. ಆ ವಿಷದ ಜೀನುಗಳನ್ನು ಹೊತ್ತು ತರುವುದು ಸಿಟಿಎಕ್ಸ್ ಎಂಬ ನೂಲಿನಾಕಾರದ ಫೇಜ್ ಎಂದು ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ 1996ರಲ್ಲಿ ತೋರಿಸಿದರು. ಇದರ ನಕಲೀಕರಣ ಜೀನಾದ ಆರ್‌ಎಸ್‌ಟಿ-ಎಗೂ ಲ್ಯಾಂಬ್ಡಾದ ಓ ಮತ್ತು ಪಿಗಳಿಗೂ ನಂಟಿಲ್ಲ. ಇದು ಉರುಳುವ ಚಕ್ರದ ಮಾದರಿಯಲ್ಲಿ, ಉಂಡೆಯಿಂದ ದಾರ ಬಿಚ್ಚಿದಂತೆ, ಒಂಟಿ ಎಳೆಯ ಪ್ರತಿಗಳನ್ನು ಹೊರಡಿಸುತ್ತದೆ. ಪಕ್ಕದ ಆರ್‌ಎಸ್‌ಟಿ-ಆರ್ ಎಂಬ ನಿಗ್ರಹಕ ಜೀನು ಮಾತ್ರ ಕಾಲರಾ ರೋಗಾಣುವಿನ ಕ್ಲಾಸಿಕಲ್, ಎಲ್ ಟೋರ್ ಮತ್ತು ಕಲ್ಕತ್ತಾ ತಳಿಗಳ ಫೇಜ್‌ಗಳಲ್ಲಿ ಗುರುತು ಸಿಗದಷ್ಟು ಬೇರೆಬೇರೆಯಾಗಿದೆ.

ಎಲ್ ಟೋರ್ ತಳಿಗಳಲ್ಲಿ ಪ್ರೊಫೇಜ್‌ನ ಬೆನ್ನಿಗೇ ಇನ್ನೊಂದು ಪ್ರೊಫೇಜ್ ಅಥವಾ ಆರ್‌ಎಸ್1 ಎಂಬ ಪುಟ್ಟ ಬಂಧು ಸಾಲಾಗಿ ನಿಂತಿರುತ್ತದೆ. ನಕಲು ಮೊದಲನೆಯದರ ಆರಂಭತಾಣದಲ್ಲಿ ತೊಡಗಿ ಎರಡನೆಯದರ ಅದೇ ತಾಣದಲ್ಲಿ ಮುಗಿಯುತ್ತದೆ. ಕ್ಲಾಸಿಕಲ್ ತಳಿಗಳ ಪ್ರೊಫೇಜ್‌ಗಳಲ್ಲಿಯೂ ಫೇಜ್ ತಯಾರಿಕೆಗೆ ಬೇಕಾದ ಪ್ರೋಟೀನುಗಳ ಜೀನುಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು 2000ದಲ್ಲಿ ತಿಳಿದುಬಂದಿತು. ಹಾಗಿದ್ದರೂ ಅವುಗಳಿಂದ ಒಂದು ಫೇಜ್ ಕಣವೂ ಹೊರಬರುವುದಿಲ್ಲ. ಅಲ್ಲಿನ ಪ್ರೊಫೇಜ್ ಒಂಟಿಯಾಗಿದೆ, ಇಲ್ಲವೇ ಮೊಟಕುಗೊಂಡ ಎರಡು ಪ್ರೊಫೇಜ್‌ಗಳು ಒಂದರೊಳಗೊಂದು ಬೆಸೆದುಕೊಂಡಿವೆ. ತೊಡಗಿದ ನಕಲನ್ನು ಕೊನೆಗೊಳಿಸಲು ಬೇಕಾದ ಎರಡನೆಯ ತಾಣ ನೆರೆಯಲ್ಲಿಲ್ಲ.