ಕೃಷಿ ಮಂತ್ರಿಯ ಮಗ, ಸರ್ಕಾರಗಳ ಸಲಹೆಗಾರ

ಎಡ್ಗಾರ್ ಪಿಸಾನಿ 1961ರಿಂದ 66ರವರೆಗೆ ಫ್ರಾನ್ಸಿನ ಕೃಷಿ ಮಂತ್ರಿ. ಯುರೋಪಿನ ರೈತರ ಬೆಳೆಗೆ ಬೆಲೆಯ ಆಸರೆ ಕೊಟ್ಟ ಸಾಮಾನ್ಯ ಕೃಷಿ ನೀತಿ ಶುರುವಾದದ್ದು ಅವರ ಕಾಲದಲ್ಲೇ. ಮಗ ಜಾಂ ಪಿಸಾನಿ-ಫೆರಿ ಓದಿದ್ದು ಎಂಜಿನಿಯರಿಂಗ್, ಹಿಡಿದದ್ದು ಅರ್ಥಶಾಸ್ತ್ರ. 2005ರಲ್ಲಿ ಬ್ರಸೆಲ್ಸ್‌ನಲ್ಲಿ ‘ಬ್ರೂಗೆಲ್’ ಎಂಬ ನೀತಿ ಅಧ್ಯಯನ ಸಂಸ್ಥೆ ಆರಂಭವಾದಾಗ ಅವರೇ ಮೊದಲ ನಿರ್ದೇಶಕರು. (ಸುಗ್ಗಿ, ರೈತರ ಮದುವೆಯ ಚಿತ್ರ ಬರೆದ ಹಳೆಯ ಕಲಾವಿದನ ಹೆಸರದು!) ಸರ್ಕಾರಗಳೂ ಕಂಪನಿಗಳೂ ಅದಕ್ಕೆ ದುಡ್ಡು ಕೊಡುತ್ತವೆ. ಯೂರೋ ಬಿಕ್ಕಟ್ಟು ದಾಟಿ 2013ರವರೆಗೆ ಅಲ್ಲಿದ್ದರು.

2017ರಲ್ಲಿ ಮ್ಯಾಕ್ರನ್ ಅವರ ಚುನಾವಣಾ ಪ್ರಣಾಳಿಕೆಯ ಹೊಣೆ ಹೊತ್ತರು. ಸಲಹೆಗಾರ ಪಕ್ಷ ಹಿಡಿದರೆ ಮಾತಿಗೆ ತೂಕ ಉಳಿದೀತೇ? ಕೇಳಲೇಬೇಕಾದ ಪ್ರಶ್ನೆ. ಆದರೆ 2023ರಲ್ಲಿ ಅದೇ ಮ್ಯಾಕ್ರನ್ ಸರ್ಕಾರಕ್ಕೆ ಹವಾಮಾನ ವರದಿ ಕೊಟ್ಟಾಗ, ಶ್ರೀಮಂತರ ಆಸ್ತಿಗೆ ತಾತ್ಕಾಲಿಕ ತೆರಿಗೆ ಹಾಕಿ ಎಂದು ಬರೆದರು. ಸರ್ಕಾರ ಒಪ್ಪಲಿಲ್ಲ.