ಪರಸ್ಪರ ಸಹಾಯ ಮತ್ತು ಸಾರ್ವಜನಿಕ ಕರ್ತವ್ಯ: ಫಿಲಡೆಲ್ಫಿಯದ ಸ್ವಯಂಸೇವಕ ಅಗ್ನಿಶಾಮಕ ಸಂಘಗಳು (೧೭೩೬–೧೮೭೧)

ನಗರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಆಡಳಿತವನ್ನೂ ವ್ಯಾಪಾರವನ್ನೂ ಕಟ್ಟಡಗಳನ್ನೂ ವರ್ಣಿಸುತ್ತಾರೆ. ಆ ಕಟ್ಟಡಗಳು ಬೆಂಕಿಗೆ ಆಹುತಿಯಾಗದಂತೆ ಹಗಲಿರುಳು ಕಾದವರ ವಿಚಾರ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಉತ್ತರ ಅಮೆರಿಕದ ನಗರಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಕಾರ್ಯವನ್ನು ನಿರ್ವಹಿಸಿದವರು, ತಮ್ಮ ತಮ್ಮ ಉದ್ಯೋಗಗಳಲ್ಲಿದ್ದುಕೊಂಡೇ ಗಂಟೆಯ ಸದ್ದು ಕೇಳಿದೊಡನೆ ಓಡಿಬರುತ್ತಿದ್ದ ಪೌರರು. ಅವರಿಗೆ ಸಂಬಳವಿರಲಿಲ್ಲ. ಪೆನ್ಸಿಲ್ವೇನಿಯದ ಫಿಲಡೆಲ್ಫಿಯ ನಗರದಲ್ಲಿ ಇಂತಹ ಸಂಘಗಳು ಹುಟ್ಟಿ, ಬೆಳೆದು, ಕೊನೆಗೆ ಅಳಿದ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ಸ್ನೇಹಿತರ ಒಪ್ಪಂದವನ್ನೇ ತಳಹದಿಯಾಗಿ ಉಳ್ಳ ಒಂದು ಸಂಸ್ಥೆ, ಇಡೀ ನಗರಕ್ಕೆ ಸಲ್ಲಬೇಕಾದ ಕರ್ತವ್ಯವನ್ನು ಎಷ್ಟರಮಟ್ಟಿಗೆ ಹೊರಬಲ್ಲುದು ಎಂಬುದೇ ಇಲ್ಲಿ ನಾವು ವಿಚಾರಿಸಬೇಕಾದ ಮುಖ್ಯ ಪ್ರಶ್ನೆ.

(೧)

೧೭೩೦ರಲ್ಲಿ ಫಿಲಡೆಲ್ಫಿಯದ ನದೀತೀರದ ಹಡಗುಕಟ್ಟೆಯೊಂದರಲ್ಲಿ ಹತ್ತಿದ ಬೆಂಕಿ ಹತ್ತಿರದ ಮಳಿಗೆಗಳಿಗೂ ಮನೆಗಳಿಗೂ ಹಬ್ಬಿ ಬಹಳ ನಷ್ಟವನ್ನುಂಟುಮಾಡಿತು. ಆಗ ನಗರದಲ್ಲಿ ಮುದ್ರಣಾಲಯವನ್ನು ನಡೆಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ೧೭೩೫ರಲ್ಲಿ ತನ್ನ ‘ಪೆನ್ಸಿಲ್ವೇನಿಯ ಗೆಜೆಟ್’ ಪತ್ರಿಕೆಯಲ್ಲಿ ಅಗ್ನಿಭಯದ ನಿವಾರಣೆಯನ್ನು ಕುರಿತು ಅಜ್ಞಾತನಾಮದಿಂದ ಒಂದು ಪತ್ರವನ್ನು ಪ್ರಕಟಿಸಿದನು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲವೆಂಬ ನಮ್ಮ ಗಾದೆಯ ಅಭಿಪ್ರಾಯವೇ ಆ ಪತ್ರದ ಸಾರ. ಕೆಂಡವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ಯುವಾಗ ವಹಿಸಬೇಕಾದ ಎಚ್ಚರ, ಹೊಗೆಗೂಡುಗಳನ್ನು ಶುಚಿಮಾಡಿಸಬೇಕಾದ ಅಗತ್ಯ ಮೊದಲಾದುವನ್ನು ಅದರಲ್ಲಿ ವಿವರಿಸಿ, ಬೆಂಕಿಯನ್ನು ಆರಿಸಲು ಕಟ್ಟುಪಾಡಿನಿಂದ ಕೆಲಸಮಾಡುವ ಜನರ ಕೂಟವಿರಬೇಕೆಂದು ಸೂಚಿಸಲಾಗಿತ್ತು. ಬಾಸ್ಟನ್ ನಗರದಲ್ಲಿ ೧೭೧೭ರಿಂದಲೇ ಇಂತಹ ಪರಸ್ಪರ ಸಹಾಯ ಕೂಟಗಳಿದ್ದುವು. ಫ್ರಾಂಕ್ಲಿನ್ ಹುಟ್ಟಿ ಬೆಳೆದುದು ಆ ನಗರದಲ್ಲಿ.

ಈ ಸೂಚನೆಯ ಫಲವಾಗಿ ೧೭೩೬ರ ಡಿಸೆಂಬರ್ ೭ರಂದು ‘ಯೂನಿಯನ್ ಅಗ್ನಿಶಾಮಕ ಸಂಘ’ ಸ್ಥಾಪಿತವಾಯಿತು. ಸದಸ್ಯರ ಸಂಖ್ಯೆಯನ್ನು ಸುಮಾರು ಮೂವತ್ತಕ್ಕೆ ಮಿತಿಗೊಳಿಸಲಾಯಿತು. ಪ್ರತಿಯೊಬ್ಬ ಸದಸ್ಯನೂ ಎರಡು ತೊಗಲಿನ ಬಕೆಟ್ಟುಗಳನ್ನೂ, ಬಾಯಿಗೆ ಹುರಿ ಪೋಣಿಸಿದ ನಾಲ್ಕು ಗಟ್ಟಿಬಟ್ಟೆಯ ಚೀಲಗಳನ್ನೂ ಸದಾ ಸಿದ್ಧವಾಗಿಟ್ಟಿರಬೇಕೆಂಬುದು ನಿಬಂಧನೆ. ಬಕೆಟ್ಟು ನೀರಿಗೆ, ಚೀಲ ಮನೆಯ ಸಾಮಾನು ತುಂಬುವುದಕ್ಕೆ. ಬೆಂಕಿಯ ಸುದ್ದಿ ತಿಳಿದೊಡನೆ ಗಲಿಬಿಲಿಯಾಗದಂತೆ ಅಪಾಯದಲ್ಲಿರುವ ಸದಸ್ಯರ ಮನೆಗಳಲ್ಲಿ ದೀಪಗಳನ್ನಿಡಬೇಕು. ಕಳ್ಳರು ನುಗ್ಗದಂತೆ ಇಬ್ಬರು ಬಾಗಿಲಲ್ಲಿ ಕಾಯಬೇಕು. ಉಳಿದವರು ಸಾಮಾನುಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಬೇಕು. ಈ ನಿಬಂಧನೆಗಳನ್ನು ಪರಿಶೀಲಿಸಿದರೆ, ಬೆಂಕಿಯನ್ನು ಆರಿಸುವಷ್ಟೇ ಪ್ರಾಮುಖ್ಯ ಸದಸ್ಯರ ಸೊತ್ತನ್ನು ರಕ್ಷಿಸುವುದಕ್ಕೂ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಸಂಘದವರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ಸಂಜೆಯನ್ನು ಒಟ್ಟಿಗೆ ಕಳೆದು, ಅಗ್ನಿನಿವಾರಣೆಯ ವಿಷಯದಲ್ಲಿ ತಮಗೆ ತೋರಿದ ವಿಚಾರಗಳನ್ನು ಚರ್ಚಿಸುತ್ತಿದ್ದರು. ಸಭೆಗೆ ಬಾರದವರು ತೆತ್ತ ದಂಡದ ಹಣದಿಂದ ಪಂಪುಯಂತ್ರ, ಏಣಿ, ಉದ್ದನೆಯ ಕೊಕ್ಕೆ ಮುಂತಾದ ಸಲಕರಣೆಗಳನ್ನು ಕೊಳ್ಳುತ್ತಿದ್ದರು. ಸೇರಲು ಇಚ್ಛಿಸಿದವರು ಹೆಚ್ಚಾದಾಗ, ಬೇರೊಂದು ಸಂಘವನ್ನು ಕಟ್ಟಿಕೊಳ್ಳಿರೆಂದು ಅವರಿಗೆ ಸಲಹೆಯಿತ್ತರು. ಹೀಗೆ ೧೭೩೮ರಲ್ಲಿ ‘ಫೆಲೋಷಿಪ್’, ೧೭೪೨ರಲ್ಲಿ ‘ಹ್ಯಾಂಡ್-ಇನ್-ಹ್ಯಾಂಡ್’ ಸಂಘಗಳು ಹುಟ್ಟಿದುವು. ೧೭೫೨ರಲ್ಲಿ ಮನೆಗಳಿಗೆ ಬೆಂಕಿಯ ವಿಮೆಯನ್ನು ಒದಗಿಸುವ ‘ಫಿಲಡೆಲ್ಫಿಯ ಕಾಂಟ್ರಿಬ್ಯೂಷನ್‌ಷಿಪ್’ ಎಂಬ ಸಂಸ್ಥೆಯೂ ಇದೇ ಪರಸ್ಪರಾವಲಂಬನದ ಭಾವನೆಯಿಂದ ಸ್ಥಾಪಿತವಾಯಿತು. ಐವತ್ತು ವರ್ಷಗಳ ತರುವಾಯ ಆತ್ಮಕಥೆಯನ್ನು ಬರೆಯುತ್ತ ಫ್ರಾಂಕ್ಲಿನ್, ಈ ಸಂಘಗಳು ಆದಮೇಲೆ ನಗರವು ಒಮ್ಮೆಗೆ ಒಂದೆರಡು ಮನೆಗಳಿಗಿಂತ ಹೆಚ್ಚನ್ನು ಬೆಂಕಿಯಲ್ಲಿ ಕಳೆದುಕೊಂಡಿಲ್ಲವೆಂದು ಹೆಮ್ಮೆಪಟ್ಟಿದ್ದಾನೆ. ಅದೇ ಸಂದರ್ಭದಲ್ಲಿ, ಆಸ್ತಿವಂತರಾದ ನಿವಾಸಿಗಳಲ್ಲಿ ಬಹುಮಂದಿ ಯಾವುದಾದರೊಂದು ಸಂಘಕ್ಕೆ ಸೇರಿದ್ದರೆಂದೂ ಹೇಳಿದ್ದಾನೆ. ‘ಆಸ್ತಿವಂತರಾದ’ ಎಂಬ ವಿಶೇಷಣವನ್ನು ನಾವು ಮರೆಯಬಾರದು.

(೨)

ಅಂದಿನ ಕಾರ್ಯವಿಧಾನ ಬಹಳ ಶ್ರಮದಾಯಕವಾಗಿತ್ತು. ಪಂಪುಯಂತ್ರವೆಂದರೆ ಗಾಲಿಗಳ ಮೇಲಿಟ್ಟ ಒಂದು ತೊಟ್ಟಿ. ಅದರ ಎರಡು ಪಕ್ಕಗಳಲ್ಲಿಯೂ ಜನ ನಿಂತು ಸನ್ನೆಗಳನ್ನು ಏರಿಸಿ ಇಳಿಸಿ ನೀರನ್ನು ಚಿಮ್ಮಿಸಬೇಕು. ತೊಟ್ಟಿಯನ್ನು ತುಂಬಲು ಬಾವಿಯಿಂದ ಯಂತ್ರದವರೆಗೆ ಎರಡು ಸಾಲುಗಳಲ್ಲಿ ಜನ ನಿಲ್ಲುತ್ತಿದ್ದರು. ಒಂದು ಸಾಲಿನಲ್ಲಿ ತುಂಬಿದ ಬಕೆಟ್ಟುಗಳು ಕೈಯಿಂದ ಕೈಗೆ ಮುಂದೆ ಸಾಗಿದರೆ, ಇನ್ನೊಂದರಲ್ಲಿ ಬರಿದಾದವು ಹಿಂದಿರುಗುತ್ತಿದ್ದುವು. ದಾರಿಹೋಕರೂ ಸಾಲಿನಲ್ಲಿ ನಿಲ್ಲದೆ ಈ ಕೆಲಸ ಸಾಗುತ್ತಿರಲಿಲ್ಲ.

೧೮೦೧ರಲ್ಲಿ ನಗರಕ್ಕೆ ಕೊಳಾಯಿ ನೀರು ಬಂದುದರಿಂದ ಈ ವ್ಯವಸ್ಥೆ ಮಾರ್ಪಟ್ಟಿತು. ಬೀದಿಯ ಕೊಳಾಯಿಯಿಂದ ಯಂತ್ರಕ್ಕೆ ತೊಗಲಿನ ಕೊಳವೆಯ ಮೂಲಕ ನೀರನ್ನೊಯ್ಯುವ ಉದ್ದೇಶದಿಂದ ೧೮೦೩ರಲ್ಲಿ ‘ಫಿಲಡೆಲ್ಫಿಯ ಹೋಸ್ ಸಂಘ’ ಆರಂಭವಾಯಿತು. ಬಕೆಟ್ಟಿನ ಸಾಲು ಮರೆಯಾಗಿ, ಸಾರ್ವಜನಿಕರು ಪ್ರೇಕ್ಷಕರಾದರು. ಕೆಲಸವು ಗಟ್ಟಿಮುಟ್ಟಾದ ತರುಣರ ಪಾಲಿಗೆ ಬಂದಿತು. ವರ್ತಕರ ಸ್ಥಾನದಲ್ಲಿ ಕ್ರಮೇಣ ಕುಶಲಕರ್ಮಿಗಳೂ ಕೂಲಿಕಾರರೂ ಸದಸ್ಯರಾದರು. ಅವರಿಗೆ ಸಂಘದ ಮನೆಯೇ ವಿಶ್ರಾಂತಿಯ ತಾಣ, ಊಟಕೂಟಗಳ ಸ್ಥಳ, ಬಡಾವಣೆಯ ರಾಜಕೀಯದ ಚಾವಡಿ. ಚಿತ್ರಗಳಿಂದ ಅಲಂಕರಿಸಿದ ಯಂತ್ರಗಳನ್ನು ಎಳೆದುಕೊಂಡು, ಬಣ್ಣದ ಟೊಪ್ಪಿಗೆಗಳನ್ನೂ ಮೇಲುಹೊದಿಕೆಗಳನ್ನೂ ಧರಿಸಿ ಅವರು ಹೊರಡಿಸುತ್ತಿದ್ದ ಮೆರವಣಿಗೆಗಳು ನಗರದ ದೊಡ್ಡ ಉತ್ಸವಗಳಾಗಿದ್ದುವು.

ಇಂತಹ ಅಭಿಮಾನದಿಂದ ಸ್ಪರ್ಧೆಯೂ, ಸ್ಪರ್ಧೆಯಿಂದ ವೈರವೂ ಬೆಳೆದುವು. ಮೊದಲು ಕೊಳಾಯಿಯನ್ನು ಹಿಡಿದ ಸಂಘಕ್ಕೆ ಗೌರವವಿದ್ದುದರಿಂದ ಬೆಂಕಿಯೆದುರಿಗೇ ಕೈಕೈ ಮಿಲಾಯಿಸುವುದುಂಟಾಯಿತು. ಬೆಂಕಿಯ ಸ್ಥಳದಲ್ಲಿ ಶಿಸ್ತನ್ನು ಕಾಪಾಡಲು ಹಲವು ಸಂಘಗಳು ಕೂಡಿ ೧೮೧೭ರಲ್ಲಿ ‘ಫೈರ್ ಅಸೋಸಿಯೇಷನ್’ ಎಂಬ ಒಕ್ಕೂಟವನ್ನು ರಚಿಸಿಕೊಂಡುವು. ಆದರೂ ಜಗಳಗಳು ನಿಲ್ಲಲಿಲ್ಲ. ೧೮೪೪ರಲ್ಲಿ ಐರಿಷ್ ಕ್ಯಾಥೊಲಿಕರಿಗೂ ವಲಸೆಗಾರರ ವಿರೋಧಿಗಳಿಗೂ ನಡೆದ ಗಲಭೆಗಳ ತರುವಾಯ ಅಗ್ನಿಶಾಮಕ ಸಂಘಗಳೂ ಪಕ್ಷ ಹಿಡಿದುವು. ವಿಲಿಯಂ ಮೆಕ್‌ಮುಲ್ಲನ್ ಎಂಬ ರಾಜಕಾರಣಿಯ ಬಲವಾಗಿದ್ದ ‘ಮೊಯಮೆನ್ಸಿಂಗ್ ಹೋಸ್ ಸಂಘ’ ಐರಿಷರದು. ಆ ಗಲಭೆಯಲ್ಲಿ ಮಡಿದ ವಲಸೆವಿರೋಧಿ ತರುಣನೊಬ್ಬನ ಹೆಸರನ್ನಿಟ್ಟುಕೊಂಡ ‘ಷಿಫ್ಲರ್ ಹೋಸ್ ಸಂಘ’ ಅದರ ಕಡುವೈರಿ.

(೩)

ಈ ಜಗಳಗಳು ಎಲ್ಲರ ಕಣ್ಣಿಗೆ ಬಿದ್ದ ದೋಷ. ಇದಕ್ಕಿಂತ ಆಳವಾದ ದೋಷವನ್ನು ಎರಡು ಘಟನೆಗಳು ತೋರಿಸಿಕೊಡುತ್ತವೆ. ೧೮೧೮ರಲ್ಲಿ ನಗರದ ಕರಿಯ ಪೌರರು ‘ಆಫ್ರಿಕನ್ ಫೈರ್ ಅಸೋಸಿಯೇಷನ್’ ಎಂಬ ತಮ್ಮದೇ ಸಂಘವನ್ನು ಕಟ್ಟಲು ಮುಂದಾದರು. ಅವರೂ ತೆರಿಗೆದಾರರು, ಅವರ ಮನೆಗಳಿಗೂ ಬೆಂಕಿಯ ಭಯವಿತ್ತು. ಬಿಳಿಯರ ಸಂಘಗಳು ಸಭೆ ಸೇರಿ ಈ ಪ್ರಯತ್ನವನ್ನು ವಿರೋಧಿಸಿದುವು. ವಿರೋಧವು ಹಿಂಸೆಗೆ ತಿರುಗೀತೆಂದು ಶಂಕಿಸಿದ ಜೇಮ್ಸ್ ಫೋರ್ಟನ್ ಮೊದಲಾದ ಕರಿಯ ಮುಖಂಡರೇ ಸಂಘವನ್ನು ಕೈಬಿಡುವಂತೆ ತಮ್ಮವರಿಗೆ ಬುದ್ಧಿ ಹೇಳಬೇಕಾಯಿತು.

ಎರಡನೆಯದು ೧೮೩೮ರ ಮೇ ತಿಂಗಳಿನದು. ಗುಲಾಮಗಿರಿಯ ವಿರೋಧಿಗಳು ಮುಕ್ತ ಚರ್ಚೆಗಾಗಿ ಕಟ್ಟಿಸಿದ ‘ಪೆನ್ಸಿಲ್ವೇನಿಯ ಹಾಲ್’ ಎಂಬ ಸಭಾಭವನದ ಪ್ರಾರಂಭೋತ್ಸವ ೧೪ರಂದು ನಡೆಯಿತು. ೧೭ರ ರಾತ್ರಿ ಜನರ ಗುಂಪೊಂದು ಅದಕ್ಕೆ ಬೆಂಕಿಯಿಟ್ಟಿತು. ಅಗ್ನಿಶಾಮಕರು ಬಂದರು, ಯಂತ್ರಗಳೂ ನೀರೂ ಇದ್ದುವು. ಅವರು ಅಕ್ಕಪಕ್ಕದ ಕಟ್ಟಡಗಳಿಗೆ ನೀರು ಹಾಯಿಸಿ ಅವನ್ನು ಉಳಿಸಿದರು. ಭವನವನ್ನು ಉರಿಯಲು ಬಿಟ್ಟರು. ಯಾವ ಸಂಘವೂ ತನ್ನ ಇಚ್ಛೆಯಿಂದ ಮಾಡುವ ಕೆಲಸವನ್ನು ಇಚ್ಛೆಯಿಲ್ಲದಾಗ ಮಾಡದೆಯೂ ಇರಬಹುದೆಂಬ ಸತ್ಯ ಆ ರಾತ್ರಿ ಪ್ರಕಟವಾಯಿತು. ೧೭೩೬ರ ನಿಬಂಧನೆಗಳಲ್ಲಿ ಬೀಜರೂಪವಾಗಿದ್ದ ‘ನಮ್ಮವರು’ ಎಂಬ ಎಲ್ಲೆ ಇಲ್ಲಿ ಗೋಡೆಯಾಗಿ ನಿಂತಿತು.

(೪)

ಪರಿವರ್ತನೆಯ ಪ್ರೇರಣೆ ಹೊರಗಿನಿಂದ ಬಂದಿತು. ಲ್ಯಾಟ ಮತ್ತು ಷಾಕ್ ಎಂಬವರು ನಿರ್ಮಿಸಿದ ಹಬೆಯ ಪಂಪುಯಂತ್ರವನ್ನು ಸಿನ್ಸಿನಾಟಿ ನಗರವು ಸ್ವೀಕರಿಸಿ, ೧೮೫೩ರ ಏಪ್ರಿಲ್ ೧ರಿಂದ ಸಂಬಳದ ಅಗ್ನಿಶಾಮಕದಳವನ್ನು ಏರ್ಪಡಿಸಿತು. ಹಲವರ ತೋಳ್ಬಲದ ಕೆಲಸವನ್ನು ಒಂದು ಯಂತ್ರವೇ ಮಾಡತೊಡಗಿದ ಮೇಲೆ ಬಹುಸಂಖ್ಯೆಯ ಸ್ವಯಂಸೇವಕರ ಅಗತ್ಯ ಉಳಿಯಲಿಲ್ಲ. ೧೮೬೫ರಲ್ಲಿ ನ್ಯೂಯಾರ್ಕ್ ಇದೇ ಮಾರ್ಗವನ್ನು ಹಿಡಿಯಿತು. ಫಿಲಡೆಲ್ಫಿಯದ ಸಂಘಗಳು ಮತಗಳನ್ನು ದೊರಕಿಸಿಕೊಡಬಲ್ಲವಾದುದರಿಂದ ಅಲ್ಲಿ ವಿಳಂಬವಾಯಿತು. ೧೮೭೦ರ ಡಿಸೆಂಬರಿನಲ್ಲಿ ನಗರಸಭೆಯ ಶಾಸನವಾಗಿ, ೧೮೭೧ರ ಮಾರ್ಚಿ ೧೫ರಂದು ಸಂಬಳದ ದಳ ಕಾರ್ಯಾರಂಭ ಮಾಡಿತು.

ಸಂಬಳದಿಂದ ಪಕ್ಷಪಾತವು ಒಮ್ಮೆಗೇ ಅಳಿಯಿತೆಂದು ಭಾವಿಸಲಾಗದು. ಆ ದಳಕ್ಕೆ ಮೊದಲನೆಯ ಕರಿಯ ಸದಸ್ಯನಾಗಿ ಐಸಾಕ್ ಜೇಕಬ್ಸ್ ನೇಮಕಗೊಂಡದ್ದು ೧೮೮೬ರಲ್ಲಿ. ಆದರೆ ಒಂದು ವ್ಯತ್ಯಾಸ ನಿಶ್ಚಿತವಾಗಿ ಉಂಟಾಯಿತು. ಇನ್ನು ಮುಂದೆ ಬೆಂಕಿಯಿಂದ ರಕ್ಷಣೆ ಸಂಘದ ಅನುಗ್ರಹವಾಗಿರದೆ ಪೌರನ ಹಕ್ಕಾಯಿತು. ಅದು ದೊರೆಯದಿದ್ದಾಗ ಪ್ರಶ್ನಿಸುವುದಕ್ಕೆ ಉತ್ತರವಾದಿಯಾದ ಅಧಿಕಾರವೊಂದು ಇದ್ದಿತು.

ಸ್ವಯಂಸೇವೆಯ ಪದ್ಧತಿ ಅಮೆರಿಕದಲ್ಲಿ ಇದರಿಂದ ಲೋಪವಾಗಲಿಲ್ಲ. ೨೦೨೦ರ ಸುಮಾರಿಗೆ ಸಹ ಆ ದೇಶದ ಅಗ್ನಿಶಾಮಕರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಸ್ವಯಂಸೇವಕರೇ ಆಗಿದ್ದರು. ಅವರಲ್ಲಿ ಬಹುಪಾಲು ಚಿಕ್ಕ ಊರುಗಳವರು. ಸಂಬಳದ ದಳವನ್ನು ಪೋಷಿಸಲಾರದ ಊರುಗಳಿಗೆ ಫ್ರಾಂಕ್ಲಿನ್ನನ ಉಪಾಯವೇ ಇಂದಿಗೂ ಆಸರೆ. ನೆರೆಯವನ ಮನೆ ಉರಿಯುವಾಗ ನಿದ್ದೆ ಬಿಟ್ಟು ಓಡುವ ಮನೋಧರ್ಮವನ್ನು ಯಾವ ಶಾಸನವೂ ಸೃಷ್ಟಿಸಲಾರದು. ಆದರೆ ‘ನೆರೆಯವನು ಯಾರು’ ಎಂಬುದನ್ನು ಆ ಮನೋಧರ್ಮವೊಂದೇ ನಿರ್ಣಯಿಸುವಂತೆ ಬಿಡಲಾಗದೆಂಬುದು ಫಿಲಡೆಲ್ಫಿಯದ ನೂರಮೂವತ್ತೈದು ವರ್ಷಗಳ ಅನುಭವದಿಂದ ಸಿದ್ಧವಾಗುತ್ತದೆ.