ಒಲೆ ಮುಂದಿನ ಪಾಠ

ಗುಬ್ಬಿ, ಕುಣಿಗಲ್ ಸೀಮೆಯ ಮಕ್ಕಳಿಗೆ ಬೆಂಕಿಯ ಮೊದಲ ಪಾಠ ಆಗುತ್ತಿದ್ದುದು ಶಾಲೆಯಲ್ಲಲ್ಲ, ಬಚ್ಚಲುಮನೆಯ ಹಂಡೆ ಒಲೆಯ ಮುಂದೆ. ತೆಂಗಿನ ಸೀಮೆಯಾದ್ದರಿಂದ ಉರುವಲಿಗೆ ಬರವಿರಲಿಲ್ಲ. ಕೆಳಗೆ ಒಣಗರಿ, ಅದರ ಮೇಲೆ ಕಾಯಿಮಟ್ಟೆ, ಚಿಪ್ಪು, ಕೊನೆಗೆ ಸೌದೆ. ಸಂದು ಬಿಡದೆ ತುರುಕಿದರೆ ಒಲೆ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ ಎಂಬುದನ್ನು ಊದುಗೊಳವೆ ಹಿಡಿದ ಮಗು ತಾನೇ ಕಂಡುಕೊಳ್ಳುತ್ತಿತ್ತು. ಲಂಗ ಮುದುರಿ ಕೂರು, ಉರಿಗೆ ಸೀಮೆಎಣ್ಣೆ ಸುರಿಯಬೇಡ, ಮಲಗುವ ಮುನ್ನ ಕೊಳ್ಳಿ ಆರಿಸು ಎಂಬ ಅಜ್ಜಿಯ ಮಾತುಗಳೇ ಸುರಕ್ಷತೆಯ ಪಠ್ಯ.

ಇದೇ ವಿದ್ಯೆಯನ್ನು ಪರೀಕ್ಷೆಯ ವಿಷಯವಾಗಿಸಿದ್ದು ಸ್ಕೌಟ್ ಚಳವಳಿ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದರು. ಎರಡೇ ಬೆಂಕಿಕಡ್ಡಿಗಳಲ್ಲಿ ಒಲೆ ಹೊತ್ತಿಸುವುದು ಅಂದಿನ ಸ್ಕೌಟ್ ಪರೀಕ್ಷೆಗಳಲ್ಲೊಂದು. ಸುತ್ತಲಿನ ಒಣಹುಲ್ಲು ತೆಗೆದ ಮೇಲೆಯೇ ಬೆಂಕಿ. ಅದನ್ನು ಪೂರ್ತಿ ನಂದಿಸಿದ ಮೇಲೆಯೇ ಹೊರಡುವುದು. ತುಮಕೂರಿನ ಪಕ್ಕದ ದೇವರಾಯನದುರ್ಗದ ಕಾಡಿಗೂ ಬೇಸಿಗೆಯಲ್ಲಿ ಇದೇ ನಿಯಮ ಕಾವಲು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆ ರೂಪುಗೊಂಡದ್ದು 1950ರಲ್ಲಿ.

ಆದರೆ ಬೆಂಕಿ ಹೊತ್ತಿಸಲು ಕಲಿತರಷ್ಟೇ ಸಾಲದು, ಬೆಂಕಿ ಬಿದ್ದಾಗ ಪಾರಾಗಲೂ ಕಲಿಯಬೇಕು. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್‌ನ ಡೇರೆ ಹೊತ್ತಿ ಉರಿದಾಗ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ತಮಿಳುನಾಡಿನ ಕುಂಭಕೋಣಂನಲ್ಲಿ 2004ರ ಜುಲೈ 16ರಂದು ಶಾಲೆಯ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಸೋಗೆಯ ಸೂರಿಗೆ ಹತ್ತಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಈ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ತೀರ್ಪಿತ್ತಿತು. ಶಾಲೆಗಳಲ್ಲಿ ಅಗ್ನಿಶಾಮಕ ಸಾಧನಗಳಿರಬೇಕು, ಸಿಬ್ಬಂದಿಗೆ ಅವುಗಳ ಬಳಕೆ ಗೊತ್ತಿರಬೇಕು ಎಂದಿತು.

ಇತ್ತ ಮನೆಯ ಪಾಠಶಾಲೆಯೂ ಮುಚ್ಚುತ್ತಿದೆ. ಗ್ಯಾಸ್ ಬಂತು, 2016ರ ಉಜ್ವಲಾ ಯೋಜನೆ ಅದನ್ನು ಬಡವರ ಮನೆಗೂ ತಲುಪಿಸಿತು. ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಇದು ದೊಡ್ಡ ಬಿಡುಗಡೆ. ಆದರೆ ಕೆಂಡದ ಕಾವನ್ನೇ ಅರಿಯದ ಮಗು ದೀಪಾವಳಿಯಲ್ಲಿ ನೇರ ಪಟಾಕಿಗೇ ಕೈ ಹಾಕುತ್ತದೆ.

ಮುಂಬೈ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಸರಕುಹಡಗು ಸ್ಫೋಟಗೊಂಡಾಗ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಸಾಮಾನ್ಯವಾಗಿ ಬೇಸಿಗೆ ರಜೆ. ಮಕ್ಕಳು ಮನೆಯಲ್ಲೇ ಇರುವ ಆ ದಿನಗಳಲ್ಲಿ ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಹೊರಳುವುದು, ಸುಟ್ಟ ಜಾಗಕ್ಕೆ ತಣ್ಣೀರು ಬಿಡುವುದು, 101 ಅಥವಾ 112ಕ್ಕೆ ಕರೆ ಮಾಡುವುದು ಇಷ್ಟನ್ನು ಹಿರಿಯರೇ ಹೇಳಿಕೊಡಬಹುದು. ಅಜ್ಜಿ ಒಲೆಯ ಮುಂದೆ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ?